ಶನಿವಾರದ ತೂಕ

ವಿಮಾನ ಹತ್ತುವ ಮುಂಚೆ ಮನುಷ್ಯರನ್ನು ಯಾಕೆ ತೂಗುತ್ತಾರೆ ಎಂಬ ಪ್ರಶ್ನೆಗೆ ಎಂಟನೆಯ ವಯಸ್ಸಿನಲ್ಲಿ ನನ್ನ ಹತ್ತಿರ ಗಟ್ಟಿ ಉತ್ತರವಿತ್ತು. ಯಾರು ದೊಡ್ಡವರು ಎಂದು ಗೊತ್ತುಮಾಡುವುದಕ್ಕೆ. ನಮ್ಮ ಲಿಫುಕಾ ದ್ವೀಪದ ನಿಲ್ದಾಣದಲ್ಲಿ ಪಾದ್ರಿಯವರು ತಕ್ಕಡಿಯ ಹಲಗೆಯ ಮೇಲೆ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಮುಳ್ಳು ನೂರ ನಲವತ್ತು ದಾಟಿತು, ಅವರನ್ನು ಕರೆದುಕೊಂಡು ಹೋಗಿ ಪೈಲಟ್ಟನ ಪಕ್ಕಕ್ಕೇ ಕೂರಿಸಿದರು. ಕಡ್ಡಿಯಂಥ ಗಣಿತದ ಮೇಷ್ಟ್ರನ್ನು ಬಾಲದ ಕಡೆಗೆ ಕಳಿಸಿದರು. ಚರ್ಚಿನಲ್ಲೂ ಪಾದ್ರಿ ಮುಂದೆ, ಮೇಷ್ಟ್ರು ಹಿಂದೆ. ಔತಣದಲ್ಲೂ ಹಾಗೇ. ಇದರಲ್ಲಿ ಅನುಮಾನ ಪಡುವುದೇನಿದೆ?

ಹಾಗಾಗಿ ನನ್ನ ಮೊದಲ ವಿಮಾನ ಪ್ರಯಾಣದ ದಿನ ನಾನು ತಯಾರಿ ಮಾಡಿಕೊಂಡೇ ಹೋದೆ. ಬೆಳಿಗ್ಗೆ ಹೊಟ್ಟೆಗೆ ಆರು ಬೇಯಿಸಿದ ಬಾಳೆಕಾಯಿ, ಒಂದು ಪೊಟ್ಟಣ ಬಿಸ್ಕತ್ತು, ಮೂರು ಎಳನೀರು, ಎರಡೂ ಜೇಬಿನಲ್ಲಿ ಸಮುದ್ರದ ಕಲ್ಲು. ಇಷ್ಟಾಗಿಯೂ ಮುಳ್ಳು ಮೂವತ್ತೊಂದರಲ್ಲಿ ನಿಂತಿತು. ಸಿಕ್ಕಿದ್ದು ಬಾಲದ ಸೀಟು. ಅರ್ಧ ದಾರಿಯಲ್ಲಿ ಬಾಳೆಕಾಯಿ, ಬಿಸ್ಕತ್ತು, ಎಳನೀರು ಮೂರನ್ನೂ ಗಣಿತದ ಮೇಷ್ಟ್ರ ಮಡಿಲಿಗೆ ಒಪ್ಪಿಸಿದೆ. ಕಲ್ಲು ಮಾತ್ರ ನನ್ನ ಹತ್ತಿರವೇ ಉಳಿಯಿತು.

ಈಗ ಅದೇ ತಕ್ಕಡಿಯ ಹಿಂದೆ ನಿಲ್ಲುವುದು ನನ್ನ ನೌಕರಿ. ಎಂಟು ಸೀಟಿನ ವಿಮಾನಕ್ಕೆ ಮನುಷ್ಯರನ್ನು ತೂಗುತ್ತೇನೆ, ಗಂಟುಗಳನ್ನು ತೂಗುತ್ತೇನೆ, ಯಾರು ಎಲ್ಲಿ ಕೂತರೆ ವಿಮಾನ ನೆಟ್ಟಗೆ ಹಾರುತ್ತದೆ ಎಂದು ಪಟ್ಟಿ ಬರೆಯುತ್ತೇನೆ. ನಮ್ಮ ದ್ವೀಪದ ರಸ್ತೆ ರನ್‌ವೇಯನ್ನು ಅಡ್ಡಹಾಯ್ದು ಹೋಗುವುದರಿಂದ ವಿಮಾನ ಬರುವ ಹೊತ್ತಿಗೆ ಎರಡೂ ಕಡೆಯ ಗೇಟು ಹಾಕುವುದು, ಹಂದಿಗಳನ್ನು ಓಡಿಸುವುದು ಕೂಡ ನನ್ನದೇ. ತೂಗುವುದು ಸಮತೋಲಕ್ಕೆ, ಮರ್ಯಾದೆಗಲ್ಲ ಎಂದು ಮೊದಲ ದಿನ ಪೈಲಟ್ ಹೇಳಿಕೊಟ್ಟಾಗ, ನನಗೆ ಅದೆಲ್ಲ ಮೊದಲೇ ಗೊತ್ತು ಅನ್ನುವಂತೆ ತಲೆಯಾಡಿಸಿದೆ.

ಆದರೆ ನನ್ನ ತಪ್ಪು ತಿಳಿವಳಿಕೆ ಪೂರ್ತಿ ನನ್ನದಲ್ಲ. ನಮ್ಮ ಜನರಲ್ಲಿ ಸಪೂರ ಇರುವವರನ್ನು ಕಂಡರೆ, ಪಾಪ, ಇವರಿಗೆ ಯಾರೂ ಇಲ್ಲವೇನೋ ಅನ್ನುವ ಕನಿಕರ. ದಪ್ಪ ಇರುವವರು ಎಂದರೆ ನಾಲ್ಕು ಜನ ಪ್ರೀತಿಸುವವರು ಇದ್ದಾರೆ ಎಂದು ಅರ್ಥ. ಹಾಗೆ ನೋಡಿದರೆ ನಮ್ಮ ಕೌಲೋ ಊರಿನಲ್ಲಿ ಕಲೋಲೈನೆ ಅತ್ತೆಯಷ್ಟು ಪ್ರೀತಿ ಯಾರಿಗೂ ಸಿಕ್ಕಿರಲಿಲ್ಲ. ಕಳೆದ ವರ್ಷ ಆಗಸ್ಟಿನಲ್ಲಿ ಆ ಪ್ರೀತಿ ನೂರ ಮೂವತ್ನಾಲ್ಕು ಕಿಲೋ ತೂಗಿತು.

ಅತ್ತೆ ನಮ್ಮಪ್ಪನ ಅಕ್ಕ. ನಮ್ಮಲ್ಲಿ ಅಪ್ಪನ ಅಕ್ಕ ಎಂದರೆ ಮನೆತನಕ್ಕೇ ಹಿರಿಯಳು, ಫಹು. ನಮ್ಮ ಮನೆಯಲ್ಲಿ ಮದುವೆಯಾಗಲಿ, ಸಾವಾಗಲಿ, ಮಗುವಿನ ಹುಟ್ಟುಹಬ್ಬವಾಗಲಿ, ಎಲ್ಲರಿಗಿಂತ ಮುಂದೆ ಚಾಪೆ ಹಾಸಿ ಕೂರಿಸುವುದು ಅವರನ್ನು. ನೆಲದ ಗುಂಡಿಯಲ್ಲಿ ಬೆಂದ ಹಂದಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇಡಿಯಾಗಿ ಅವರ ಮುಂದೆ. ಕೇಕಿನ ಮೇಲಂತಸ್ತು ಅವರಿಗೆ. ಅವರು ಬಾಯಿಗಿಟ್ಟ ಮೇಲೆ ಉಳಿದವರು ಕೈ ಹಾಕಬೇಕು. ನಮ್ಮಪ್ಪ ಪೆನಿಸೋನಿ ಊರಿಗೆಲ್ಲ ಗದರುವ ಆಸಾಮಿ, ಅಕ್ಕ ಇರುವ ಕೋಣೆಗೆ ಮಾತ್ರ ಕಾಲಿಡುವುದಿಲ್ಲ. ಬಾಗಿಲಾಚೆ ನಿಂತು, ನೆಲ ನೋಡಿಕೊಂಡು, ಹೇಳಬೇಕಾದ್ದನ್ನು ನನ್ನ ಮೂಲಕ ಹೇಳಿಸುತ್ತಾರೆ.

ಇದೇ ಅತ್ತೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಚರ್ಚಿನ ಹೊಸ ಸಭಾಂಗಣದಲ್ಲಿ ತೋಳಿಗೆ ಎಣ್ಣೆ ಹಚ್ಚಿಕೊಂಡು ಒಬ್ಬರೇ ಕುಣಿದಿದ್ದರಂತೆ. ಮುದುಕರು ಎದ್ದು ಹಿಂದಿನಿಂದ ತಾವೂ ಕುಣಿಯುವಷ್ಟು ಚೆನ್ನಾಗಿ. ನೆಟ್‌ಬಾಲಿನಲ್ಲಿ ಇವರ ತಲೆಯ ಮೇಲಿಂದ ಚೆಂಡು ದಾಟಿಸಿದವರಿಲ್ಲವಂತೆ. ಪಕ್ಕದ ದ್ವೀಪದ ದೋಣಿಗಾರನನ್ನು ಮದುವೆಯಾದರು, ಮಕ್ಕಳಾಗಲಿಲ್ಲ, ಮೂವತ್ತೆಂಟಕ್ಕೆ ಗಂಡ ತೀರಿಕೊಂಡ. ತವರಿಗೆ ಬಂದು ನಮ್ಮ ಮನೆಯ ಹಿಂದಿನ ಮನೆಯಲ್ಲಿ ಕೂತು ಕೇದಿಗೆ ಎಲೆಯ ಚಾಪೆ ಹೆಣೆಯತೊಡಗಿದರು. ಆ ವರ್ಷವೆಲ್ಲ ಊರು ಅವರನ್ನು ಸಮಾಧಾನಪಡಿಸಿತು. ನಮ್ಮೂರಿನ ಸಮಾಧಾನ ಡಬ್ಬಿ ಮಾಂಸದ ರೂಪದಲ್ಲಿ ಬರುತ್ತದೆ. ಕೆಸುವಿನ ಎಲೆಯಲ್ಲಿ ಮಾಂಸ, ಈರುಳ್ಳಿ, ಗಟ್ಟಿ ತೆಂಗಿನಹಾಲು ಸೇರಿಸಿ ಮಡಿಚಿ ಬೇಯಿಸಿದ ಲೂ ಎಂಬ ತಿನಿಸಿನ ರೂಪದಲ್ಲಿ ಬರುತ್ತದೆ. ಸಮಾಧಾನವಾದ ಮೇಲೂ ಅದು ಬರುವುದು ನಿಲ್ಲಲಿಲ್ಲ.

ಐವತ್ತೆರಡಕ್ಕೆ ಮಂಡಿಗಳು ಕೈಕೊಟ್ಟವು. ಒಂದು ಕೋಲು ಬಂತು, ಆಮೇಲೆ ಇನ್ನೊಂದು. ವರ್ಷಕ್ಕೊಮ್ಮೆ ಆಗಸ್ಟಿನಲ್ಲಿ ಹೊರದೇಶದಿಂದ ಮಂಡಿ ಡಾಕ್ಟರುಗಳ ತಂಡ ರಾಜಧಾನಿಗೆ ಬಂದು ಒಂದು ವಾರ ಉಚಿತವಾಗಿ ಮಂಡಿ ಬದಲಾಯಿಸಿ ಹೋಗುತ್ತದೆ. ಕಳೆದ ವರ್ಷ ಅತ್ತೆಯೂ ಹೋಗಿದ್ದರು. ಡಾಕ್ಟರು ಮಂಡಿಯ ಎಕ್ಸ್‌ರೇ ನೋಡಿ, ತೂಕ ನೋಡಿ, ನೂರ ಹತ್ತಕ್ಕೆ ಇಳಿಸಿಕೊಂಡು ಮುಂದಿನ ಆಗಸ್ಟಿಗೆ ಬನ್ನಿ, ಈ ಭಾರಕ್ಕೆ ಅರಿವಳಿಕೆ ಕೊಡುವ ಧೈರ್ಯ ನನಗಿಲ್ಲ ಎಂದರು. ಈ ಮೂಳೆ ಇನ್ನೊಂದು ವರ್ಷ ತಡೆಯುತ್ತದೆ, ಆಮೇಲೆ ಗಾಲಿಕುರ್ಚಿಯೇ ಗತಿ ಎಂದೂ ಹೇಳಿದರು.

ಗಾಲಿಕುರ್ಚಿ ಎಂದರೇನು ಎಂದು ಅತ್ತೆಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಮ್ಮಜ್ಜಿ ಆರು ವರ್ಷ ಅದರಲ್ಲಿ ಕಿಟಕಿಯ ಪಕ್ಕ ಕೂತಿದ್ದರು. ಬೆಳಿಗ್ಗೆ ಯಾರೋ ಕಿಟಕಿಯ ಕಡೆ ತಿರುಗಿಸಿ ಹೋಗುತ್ತಿದ್ದರು, ಸಾಯಂಕಾಲ ಯಾರಾದರೂ ನೆನಪಾಗಿ ಈ ಕಡೆ ತಿರುಗಿಸಿದರೆ ಪುಣ್ಯ. ತಾಯಿಯನ್ನು ತಿರುಗಿಸಿದವರಲ್ಲಿ ಅತ್ತೆಯೇ ಹೆಚ್ಚು ಸಲ ಇದ್ದರು. ಮರೆತವರಲ್ಲೂ.

ರಾಜಧಾನಿಯಿಂದ ವಾಪಸು ಬಂದ ವಾರವೇ, ಒಂದು ಶನಿವಾರ ಬೆಳಿಗ್ಗೆ, ಎರಡು ಕೋಲು ಊರಿಕೊಂಡು ನಿಲ್ದಾಣಕ್ಕೆ ಬಂದರು. ಎಲ್ಲಿಗೆ ಟಿಕೆಟ್ಟು ಎಂದು ನಾನು ಕೇಳಿದೆ.

"ಎಲ್ಲಿಗೂ ಇಲ್ಲ. ತೂಗು," ಅಂದರು.

ಊರಿನ ಆರೋಗ್ಯ ಕೇಂದ್ರದ ತಕ್ಕಡಿ ನೂರ ಇಪ್ಪತ್ತಕ್ಕೆ ಮುಗಿದುಹೋಗುತ್ತದೆ, ಅದರಾಚೆ ಮುಳ್ಳಿಗೆ ಹೋಗಲು ದಾರಿಯಿಲ್ಲ. ನರ್ಸ್ ಲೂಪೆಯೇ ಇವರನ್ನು ನನ್ನ ಹತ್ತಿರ ಕಳಿಸಿದ್ದಳು. ಯಾಕೆ ಶನಿವಾರ ಎಂದರೆ ಭಾನುವಾರದ ಊಟಕ್ಕೆ ಮುಂಚಿನ ದಿನವಾದ್ದರಿಂದ. ಸೋಮವಾರ ತೂಗಿಕೊಳ್ಳುವಷ್ಟು ದಡ್ಡಿ ನಾನಲ್ಲ ಎಂದರು. ನಮ್ಮಲ್ಲಿ ಮರ್ಯಾದೆಗೆಂದು ಬಟ್ಟೆಯ ಮೇಲೆ ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆ ಬಿಚ್ಚಿ ಬೆಂಚಿನ ಮೇಲಿಟ್ಟರು. ಕಿವಿಯ ಓಲೆ ಬಿಚ್ಚಿದರು. ಸ್ವಲ್ಪ ಯೋಚಿಸಿ ತಲೆಯ ಬಾಚಣಿಗೆಯನ್ನೂ ತೆಗೆದಿಟ್ಟು ಹಲಗೆ ಹತ್ತಿದರು. ನಾನು ಹಳೆಯ ಪ್ರಯಾಣಿಕರ ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಂಡೆ: ನೂರ ಮೂವತ್ನಾಲ್ಕು.

"ನೀನೆಷ್ಟು?" ಅಂದರು ಇಳಿಯುತ್ತಾ.

ನಾನು ಆಗ ನೂರ ನಾಲ್ಕು ಇದ್ದೆ. ಕೆಲಸಕ್ಕೆ ಸೇರಿದಾಗ ಎಂಬತ್ತಾರು. ರಗ್ಬಿ ತಂಡದಲ್ಲಿ ಅಂಚಿನಲ್ಲಿ ಓಡುತ್ತಿದ್ದವನನ್ನು ನಡುವೆ ತಳ್ಳುವ ಜಾಗಕ್ಕೆ ಹಾಕಿದ್ದರು, ಆಮೇಲೆ ನೀರಿನ ಬಾಟಲಿ ಹಿಡಿಯುವ ಜಾಗಕ್ಕೆ. ಕೌಂಟರಿನ ಕೆಳಗಿನ ಡ್ರಾಯರಿನಲ್ಲಿ ಸದಾ ಸಕ್ಕರೆ ಹಾಕಿ ಕರಿದ ಹಿಟ್ಟಿನುಂಡೆಗಳಿರುತ್ತವೆ. ಇದನ್ನೆಲ್ಲ ಅತ್ತೆಗೆ ಹೇಳದೆ, ತಕ್ಕಡಿ ಪ್ರಯಾಣಿಕರಿಗೆ ಮಾತ್ರ ಅಂದೆ. ಅವರು ನನ್ನ ಹೊಟ್ಟೆಯನ್ನು ಒಂದು ಸಲ ನೋಡಿ, ನಾಳಿದ್ದಿನಿಂದ ನನ್ನ ಜೊತೆ ನಡೆಯೋದಕ್ಕೆ ಬಾ ಅಂದರು.

ನಮ್ಮೂರಿನಲ್ಲಿ ಸುಮ್ಮನೆ ನಡೆಯುವುದು ಎಷ್ಟು ಕಷ್ಟ ಎಂದು ನಡೆಯಹೊರಟ ಮೇಲೇ ಗೊತ್ತಾಗುವುದು. ಬರುವ ಗಾಡಿಯೆಲ್ಲ ನಿಲ್ಲುತ್ತದೆ. ಹತ್ತಿ ಅನ್ನುತ್ತಾರೆ. ಬೇಡ ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಪ್ರತಿ ಮನೆಯ ಮುಂದೆ ಯಾರಾದರೂ ಕೂತಿರುತ್ತಾರೆ, ಬನ್ನಿ ಊಟ ಮಾಡಿ ಎಂದು ಕರೆಯುತ್ತಾರೆ. ಅತ್ತೆಯಂಥವರು ಹಾದುಹೋದರಂತೂ ಎದ್ದು ಬಂದು ಕೈ ಹಿಡಿಯುತ್ತಾರೆ. ಮೊದಲ ದಿನ ನಾವು ನಡೆದದ್ದು ನಾಲ್ಕು ನೂರು ಹೆಜ್ಜೆ, ತಿಂದದ್ದು ಎರಡು ಮನೆಯಲ್ಲಿ, ವಾಪಸು ಬಂದದ್ದು ಒಂದು ಲಾರಿಯಲ್ಲಿ.

ಆಮೇಲೆ ನನಗೆ ಹೊಳೆದದ್ದು ರನ್‌ವೇ. ಅಲ್ಲಿ ಮನೆಯಿಲ್ಲ, ಗಾಡಿಯಿಲ್ಲ, ದ್ವೀಪದಲ್ಲೇ ಅಷ್ಟು ಸಮತಟ್ಟಾದ ನೆಲ ಇನ್ನೊಂದಿಲ್ಲ. ಮೊದಲ ವಿಮಾನ ಬರುವುದು ಒಂಬತ್ತಕ್ಕೆ. ಆರಕ್ಕೆ ಗೇಟು ಹಾಕಿಬಿಟ್ಟರೆ ಕೇಳುವವರಿಲ್ಲ. ಅತ್ತೆ ಎರಡು ಕೋಲು ಊರಿಕೊಂಡು, ಉಸಿರು ಬಿಡುತ್ತಾ, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲದ ಕಂಬದವರೆಗೆ ಹೋಗಿ ಬರುತ್ತಿದ್ದರು. ನಾನು ಪಕ್ಕದಲ್ಲಿ ನಡೆಯುತ್ತಾ ಹುರಿದುಂಬಿಸುತ್ತಿದ್ದೆ. ಒಂಬತ್ತು ದಿನ ಹುರಿದುಂಬಿಸಿದೆ. ಹತ್ತನೆಯ ದಿನದಿಂದ ಗೇಟಿನ ಹತ್ತಿರ ಕುರ್ಚಿ ಹಾಕಿ ಕೂತು ಅಲ್ಲಿಂದಲೇ ಕೈ ಬೀಸತೊಡಗಿದೆ. ಗೇಟು ಕಾಯಲು ಒಬ್ಬರಾದರೂ ಬೇಕಲ್ಲ.

ಅತ್ತೆ ನಿಲ್ಲಿಸಲಿಲ್ಲ. ಒಂದು ಕೇದಿಗೆ ಎಲೆಯ ಸೀಳನ್ನು ಸೊಂಟದ ಚಾಪೆಯ ಒಳಗೆ ಸಿಕ್ಕಿಸಿಕೊಂಡಿದ್ದರು. ಒಂದು ಕಿಲೋ ಇಳಿದರೆ ಒಂದು ಗಂಟು. ಏರಿದರೆ ಅಷ್ಟು ಗಂಟು ಬಿಚ್ಚುವುದು. ಮನಸ್ಸು ಸೋತಾಗ ಬೆರಳಿನಿಂದ ಗಂಟುಗಳನ್ನು ಸವರಿಕೊಳ್ಳುತ್ತೇನೆ, ಎಣಿಸುವುದಿಲ್ಲ, ಎಣಿಸಿದರೆ ಇನ್ನೆಷ್ಟು ಉಳಿದಿದೆ ಅಂತ ಗೊತ್ತಾಗಿಬಿಡುತ್ತೆ ಅನ್ನುತ್ತಿದ್ದರು. ಕ್ರಿಸ್‌ಮಸ್ಸಿನ ಹೊತ್ತಿಗೆ ಏಳು ಗಂಟು. ಹೊಸ ವರ್ಷದ ಮೊದಲ ವಾರ ನಮ್ಮಲ್ಲಿ ಪ್ರಾರ್ಥನೆಯ ವಾರ. ದಿನಾ ಚರ್ಚು, ಚರ್ಚಿನಾಚೆ ದಿನಾ ಔತಣ. ದೇವರು ಏನು ಕೇಳಿಸಿಕೊಂಡನೋ ಗೊತ್ತಿಲ್ಲ, ಮೂರು ಗಂಟು ಬಿಚ್ಚಬೇಕಾಯಿತು. ಅವತ್ತು ಹಲಗೆಯಿಂದ ಇಳಿದವರು ಬಹಳ ಹೊತ್ತು ಚಾಪೆ ಸುತ್ತಿಕೊಳ್ಳದೆ ಬೆಂಚಿನ ಮೇಲೆ ಕೂತಿದ್ದರು. ಸೋಮವಾರ ಆರು ಗಂಟೆಗೆ ನಡೆಯಲು ಹೊರಟು ನಮ್ಮ ಮನೆಯ ಬಾಗಿಲಿಗೆ ಬಂದರು. ಬರುವುದಿಲ್ಲ ಅಂದುಕೊಂಡು ನಾನು ಮಲಗಿದ್ದೆ, ಅಪ್ಪನನ್ನು ಕಳಿಸಿ ಎಬ್ಬಿಸಿದರು. ಅಂದರೆ ಬಾಗಿಲಾಚೆಯಿಂದ ಕೆಮ್ಮಿ ಅಪ್ಪನಿಗೆ ಸೂಚನೆ ಕೊಟ್ಟರು.

ಈಸ್ಟರಿಗೆ ನೂರ ಇಪ್ಪತ್ತೊಂದು. ಮೇ ಕೊನೆಗೆ ನೂರ ಹದಿನೇಳು. ಒಂದು ಕೋಲು ಮನೆಯಲ್ಲೇ ಉಳಿಯಿತು. ಊರ ಹೆಂಗಸರು ನನ್ನನ್ನು ತಡೆದು, ನಿಮ್ಮತ್ತೆಗೆ ಏನು ಕಾಯಿಲೆ, ನೀವೇನು ಊಟ ಹಾಕ್ತಿಲ್ವಾ ಎಂದು ಕೇಳತೊಡಗಿದರು. ಅದನ್ನು ಹೇಳಿದಾಗ ಅತ್ತೆ ನಕ್ಕರು. ವರ್ಷಗಳ ಮೇಲೆ ಅವರು ಬಾಯಿ ಮುಚ್ಚಿಕೊಳ್ಳದೆ ನಕ್ಕದ್ದನ್ನು ನಾನು ನೋಡಿದ್ದು.

ಜೂನ್ ಕೊನೆಯ ಶನಿವಾರ ನನಗೆ ಇಪ್ಪತ್ತೊಂದು ತುಂಬಿತು. ಇಪ್ಪತ್ತೊಂದು ನಮ್ಮಲ್ಲಿ ದೊಡ್ಡ ಔತಣ, ಮೂರು ತಿಂಗಳಿಂದ ಹಂದಿ ಕೊಬ್ಬಿಸಿರುತ್ತಾರೆ. ಅವತ್ತು ಬೆಳಿಗ್ಗೆಯೂ ಅತ್ತೆ ತೂಗಿಕೊಳ್ಳಲು ಬಂದರು. ನೂರ ಹದಿಮೂರೂವರೆ. ಇಪ್ಪತ್ತು ಗಂಟು. ಇನ್ನು ಮೂರೂವರೆ ಕಿಲೋ, ಐದು ವಾರ. ಹಲಗೆಯ ಮೇಲೇ ನಿಂತು ಆ ಮುಳ್ಳನ್ನು ಎಷ್ಟು ಹೊತ್ತು ನೋಡಿದರೆಂದರೆ, ಹಿಂದೆ ನಿಂತಿದ್ದ ಪ್ರಯಾಣಿಕನೊಬ್ಬ ತನ್ನ ಮೀನಿನ ಪೆಟ್ಟಿಗೆ ಕೆಳಗಿಟ್ಟ.

ಅವರು ಹೋದ ಮೇಲೆ ನನ್ನ ತಲೆ ಓಡತೊಡಗಿತು. ನನ್ನ ತಲೆ ಓಡಿದಾಗೆಲ್ಲ ಯಾರಾದರೂ ಒಬ್ಬರ ಮಡಿಲಿಗೆ ಏನಾದರೂ ಬೀಳುತ್ತದೆ. ಸಾಯಂಕಾಲ ಅತ್ತೆಯ ಮುಂದೆ ಇಡೀ ಹಂದಿ ಬರುತ್ತದೆ, ಎಲ್ಲರ ಕಣ್ಣೆದುರು ತಿನ್ನಲೇಬೇಕು, ಪಾಪ, ಇಷ್ಟು ತಿಂಗಳ ಕಷ್ಟ ನನ್ನ ಹುಟ್ಟುಹಬ್ಬದಿಂದ ಹಾಳಾಗಬಾರದು. ಅಡುಗೆಯ ಕಡೆ ಇದ್ದ ನನ್ನ ತಾಯಿಯ ಕಡೆಯ ಹುಡುಗಿಯರಿಗೆ ಹೇಳಿದೆ: ದೊಡ್ಡ ಹಂದಿ ಪಾದ್ರಿಯವರ ಮುಂದೆ ಇಡಿ. ಅತ್ತೆಯ ಮುಂದೆ ಒಂದು ತಟ್ಟೆ. ಬೇಯಿಸಿದ ಮೀನು, ತೆಂಗಿನಹಾಲು ಹಾಕದ ಕೆಸುವಿನ ಎಲೆ, ಎರಡು ಹೋಳು ಪಪ್ಪಾಯಿ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಟ್ಟುಹಬ್ಬದವನು ನಾನು, ನನ್ನ ಮಾತು ನಡೆಯಿತು. ಅತ್ತೆಗೆ ಹೇಳಲಿಲ್ಲ. ನೋಡಿ ಖುಷಿಪಡಲಿ ಅಂದುಕೊಂಡೆ.

ಪ್ರಾರ್ಥನೆ ಮುಗಿಯಿತು. ಎಲೆಯ ಮುಚ್ಚಳ ತೆಗೆದರು. ಇನ್ನೂರು ಜನ ಕೂತ ಚಪ್ಪರದಲ್ಲಿ ಮಾತು ಮುಂದಿನ ಸಾಲಿನಿಂದ ಹಿಂದಕ್ಕೆ ಒಂದೊಂದೇ ಸಾಲು ನಿಂತುಹೋಯಿತು. ಪಾದ್ರಿಯವರು ತಮ್ಮ ಮುಂದಿದ್ದ ಹಂದಿಯನ್ನು ನೋಡಿ ಬೆವತರು. ಅತ್ತೆ ತಮ್ಮ ಮುಂದಿದ್ದ ತಟ್ಟೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಸಮಯವರಿತು ಕೆಲಸ ಮಾಡಿದವನ ಹಾಗೆ ಮುಗುಳ್ನಕ್ಕೆ.

ನಮ್ಮ ದೂರದ ಸಂಬಂಧದ ಮುದುಕಿಯೊಬ್ಬರು ಮೆಲ್ಲಗೆ ಹೇಳುವ ನೆಪದಲ್ಲಿ ಎಲ್ಲರಿಗೂ ಕೇಳುವ ಹಾಗೆ ಅಂದರು:

"ಕಲೋಲೈನೇನ ಯಾವತ್ತು ಇಳಿಸಿದ್ರಪ್ಪಾ? ನಮಗೆ ಹೇಳಲೇ ಇಲ್ವಲ್ಲ."

ಅಷ್ಟು ಹೊತ್ತಿಗೆ ನನಗೂ ಅರ್ಥವಾಯಿತು. ಊರಿಗೆ ಕಂಡದ್ದು ಪಥ್ಯವಲ್ಲ. ತಮ್ಮನ ಮಗ ತುಂಬಿದ ಸಭೆಯಲ್ಲಿ ಸೋದರತ್ತೆಯನ್ನು ಆಳಿನ ಸಾಲಿಗೆ ಇಳಿಸಿದ್ದಾನೆ, ಮನೆಯೊಳಗೆ ಏನೋ ಜಗಳವಾಗಿರಬೇಕು ಎಂದು. ಅಪ್ಪ ಚಪ್ಪರದಾಚೆ ನಿಂತಿದ್ದವರು ಒಳಗೆ ಬಂದರು. ಅಕ್ಕನ ಎದುರಿಗೆ ಹಾಗೆ ಬಂದದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಪಾದ್ರಿಯ ಮುಂದಿನಿಂದ ಹಂದಿಯನ್ನು ಹಲಗೆಯ ಸಮೇತ ಎತ್ತಿಕೊಂಡು, ಅತ್ತೆಯ ಮುಂದೆ ಇಟ್ಟು, ತಲೆ ನೆಲಕ್ಕೆ ತಾಗಿಸಿ ಕೂತುಬಿಟ್ಟರು. ಅವರ ಬೆನ್ನು ಅಲುಗುತ್ತಿತ್ತು. ಹುಡುಗಿಯರು ಅಳತೊಡಗಿದರು. ನಾನೂ ಹೋಗಿ ಅಪ್ಪನ ಹಿಂದೆ ತಲೆ ಬಗ್ಗಿಸಿ ಕೂತೆ.

ಅಂಥ ಹೊತ್ತಿನಲ್ಲಿ ಅತ್ತೆಗೆ ಒಂದೇ ದಾರಿ. ಅವಮಾನವಾಗಿಲ್ಲ, ಕೋಪವಿಲ್ಲ ಎಂದು ತೋರಿಸಬೇಕಾದರೆ ಕ್ಷಮೆ ಕೇಳಿ ಇಟ್ಟದ್ದನ್ನು ತಾವೇ ತಿನ್ನಬೇಕು. ತಿಂದರು. ಗರಿಗರಿ ಚರ್ಮ ತಿಂದರು, ಪಕ್ಕೆ ತಿಂದರು, ನಾಲ್ಕು ಲೂ, ಕೇಕಿನ ಮೇಲಂತಸ್ತು ತಿಂದರು. ಇನ್ನೂರು ಜನ ನೋಡುತ್ತಿದ್ದರು. ನಡುನಡುವೆ ನಗುತ್ತಿದ್ದರು, ಆ ಮುದುಕಿಯ ಜೊತೆ ತಮಾಷೆ ಮಾಡುತ್ತಿದ್ದರು. ಅಪ್ಪನ ಬೆನ್ನು ಅಲುಗುವುದು ನಿಲ್ಲುವವರೆಗೂ ತಿಂದರು.

ಅಲ್ಲಿಗೇ ಮುಗಿದಿದ್ದರೆ ಒಂದು ದಿನದ ಊಟ. ಆದರೆ ನಮ್ಮ ಮನೆತನದಲ್ಲಿ ತಪ್ಪೊಪ್ಪಿಕೊಳ್ಳುವುದೂ ಬಾಯಿಮಾತಿನಲ್ಲಲ್ಲ, ಬುಟ್ಟಿಯಲ್ಲಿ. ಮಾರನೆಯ ದಿನದಿಂದ ಬುಟ್ಟಿಗಳು ಬರತೊಡಗಿದವು. ಅಪ್ಪನದು ಮೊದಲು, ಆಮೇಲೆ ಚಿಕ್ಕಪ್ಪಂದಿರದು, ಅಡುಗೆ ಮಾಡಿದ ಹುಡುಗಿಯರ ಮನೆಗಳದು, ಕೊನೆಗೆ ಏನೂ ತಪ್ಪು ಮಾಡದ ಪಾದ್ರಿಯವರದು. ಪಕ್ಕದ ದ್ವೀಪದಿಂದ ದೋಣಿಯಲ್ಲಿ ಒಂದು ಬಂತು. ಕ್ಷಮೆಯ ಬುಟ್ಟಿಯನ್ನು ಬೇರೆಯವರಿಗೆ ಕೊಡುವಂತಿಲ್ಲ, ತಂದವರು ಕೂತು ನೋಡುತ್ತಿರುವಾಗ ತಿನ್ನಬೇಕು. ತಿನ್ನದಿದ್ದರೆ ಕ್ಷಮಿಸಿಲ್ಲ ಎಂದು ಅವರು ಅಳುತ್ತಾ ಹೋಗುತ್ತಾರೆ, ಮರುದಿನ ಇನ್ನೂ ದೊಡ್ಡ ಬುಟ್ಟಿ ತರುತ್ತಾರೆ.

ಮುಂದಿನ ಶನಿವಾರ ಅತ್ತೆ ಬಂದರು. ನೂರ ಹದಿನೇಳು. ಅಲ್ಲೇ ನಿಂತು ಗಂಟು ಬಿಚ್ಚತೊಡಗಿದರು. ಎಲೆ ಒಣಗಿತ್ತು, ಎರಡನೆಯ ಗಂಟಿಗೆ ಉದ್ದಕ್ಕೂ ಸೀಳಿಹೋಯಿತು. ಎರಡು ತುಂಡನ್ನೂ ಕೈಯಲ್ಲಿ ಹಿಡಿದು ನೋಡಿ, ಕಸದ ಡಬ್ಬಿ ಎಲ್ಲಿದೆ ಎಂದು ಕೇಳಿದರು.

ಆಮೇಲೆ ಎರಡು ಶನಿವಾರ ಬರಲಿಲ್ಲ. ನಾನು ಅವರ ಮನೆಗೆ ಹೋದೆ, ಬುಟ್ಟಿ ತೆಗೆದುಕೊಳ್ಳದೆ. ಚಾಪೆ ಹೆಣೆಯುತ್ತಾ ಕೂತಿದ್ದರು, ಎರಡೂ ಕೋಲು ಗೋಡೆಗೆ ಒರಗಿದ್ದವು. ಬೆಳಿಗ್ಗೆ ಆರಕ್ಕೆ ಗೇಟು ಹಾಕಿರುತ್ತೇನೆ, ಇನ್ನೂ ಎರಡು ವಾರ ಇದೆ, ನಾನೂ ಜೊತೆಗೆ ನಡೆಯುತ್ತೇನೆ ಎಂದೆಲ್ಲ ಹೇಳಿದೆ. ಹುರಿದುಂಬಿಸುವುದರಲ್ಲಿ ನನಗೆ ಒಂಬತ್ತು ದಿನದ ಅನುಭವವಿತ್ತಲ್ಲ. ಅವರು ಎಲೆಯಿಂದ ಕಣ್ಣೆತ್ತದೆ ಕೇಳಿದರು:

"ಇಷ್ಟು ತಿಂಗಳು ನಾನು ಹೇಗೆ ಇಳಿದೆ ಅಂದ್ಕೊಂಡಿದ್ದೀಯ ಕಿಟಿಯೊನೆ? ಬರೀ ನಡೆದಾ?"

ನಾನು ಹೌದು ಅಂದೆ.

"ಈ ವರ್ಷ ನಮ್ಮನೇಲಿ ಎಷ್ಟು ಔತಣ ಆಯ್ತು? ಹನ್ನೊಂದು. ಹನ್ನೊಂದು ಹಂದಿ ನನ್ನ ಮುಂದೆ ಇಟ್ಟಿದ್ದಾರೆ. ಒಂದು ಚೂರು ಚರ್ಮ ಬಾಯಿಗೆ ಹಾಕ್ಕೊಂಡು, ಇದು ಅವರ ಮನೆಗೆ, ಇದು ಇವರ ಮನೆಗೆ ಅಂತ ಹಂಚಿಬಿಡ್ತಿದ್ದೆ. ನನ್ನ ಮುಂದೆ ಇಟ್ಟಿದ್ದನ್ನ ಹಂಚೋ ಹಕ್ಕು ನಂದು. ಯಾರೂ ಕೇಳೋ ಹಾಗಿಲ್ಲ. ಎಲ್ಲರಿಗೂ ಖುಷಿ, ನನ್ನ ಹೊಟ್ಟೆ ಖಾಲಿ. ನೀನು ಇಟ್ಯಲ್ಲ ಆ ತಟ್ಟೆ, ಎರಡು ಹೋಳು ಪಪ್ಪಾಯಿ, ಅದನ್ನ ಯಾರಿಗೆ ಹಂಚಲಿ?"

ಹನ್ನೊಂದು ಔತಣದಲ್ಲೂ ನಾನಿದ್ದೆ. ಅತ್ತೆಯಿಂದ ಮೂರನೆಯ ಸಾಲಿನಲ್ಲಿ, ಅವರು ಹಂಚಿದ ಹಂದಿಯನ್ನೇ ತಿನ್ನುತ್ತಾ. ತಲೆ ಎತ್ತಿ ನೋಡಿದ್ದರೆ ಗೊತ್ತಾಗುತ್ತಿತ್ತು.

ಇನ್ನೊಂದು ಎಲೆ ಹೆಣಿಗೆಗೆ ಸೇರಿಸುತ್ತಾ, ನಾನೇನು ನಿಲ್ಲಿಸಬೇಕು ಅಂತ ನಿಲ್ಲಿಸಿಲ್ಲ ಕಣೋ ಅಂದರು. ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತದೆ, ಇವತ್ತು ಹೋಗೋಣ ಅಂದುಕೊಳ್ಳುತ್ತೇನೆ, ಆಮೇಲೆ ಈ ಹೊತ್ತು ಯಾರ ಬುಟ್ಟಿ ಬರುತ್ತದೋ ಎಂದು ನೆನಪಾಗುತ್ತದೆ, ಕಾಲು ನೆಲಕ್ಕಿಡಲು ಮನಸ್ಸಾಗುವುದಿಲ್ಲ, ಅಷ್ಟೇ ಎಂದರು. ಹೊರಗಡೆ ಯಾರೋ ಕೆಮ್ಮಿದರು. ಅಪ್ಪ. ನನ್ನನ್ನು ಕರೆದು ಬುಟ್ಟಿಯೊಂದನ್ನು ಕೈಗೆ ಕೊಟ್ಟರು.

ಆಗಸ್ಟ್ ಮೊದಲ ಸೋಮವಾರ. ಹಿಂದಿನ ದಿನ ಚರ್ಚಿನಲ್ಲಿ ಲೂಪೆ ನನಗೆ ಹೇಳಿದ್ದಳು: ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡುತ್ತೇನೆ, ನಿನ್ನ ತಕ್ಕಡಿಯ ತೂಕ ಹೇಳು. ನೂರ ಹತ್ತರೊಳಗಿದ್ದರೆ ವಿಮಾನ ಹತ್ತಿಸು. ಇಲ್ಲದಿದ್ದರೆ ಅವರ ಜಾಗಕ್ಕೆ ರಾಜಧಾನಿಯಲ್ಲಿ ಕಾಯುತ್ತಿರುವ ಇನ್ನೊಬ್ಬರಿದ್ದಾರೆ, ಅವರನ್ನು ಕರೆಸಬೇಕು.

ಅತ್ತೆ ಬರುವುದಿಲ್ಲ ಅಂದುಕೊಂಡಿದ್ದೆ. ಏಳೂವರೆಗೆ ಬಂದರು. ಹೊಸ ಬಟ್ಟೆ, ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ಆಸ್ಪತ್ರೆಗೆಂದು ಕಟ್ಟಿದ ಸಣ್ಣ ಗಂಟು. ಅಪ್ಪ ಗಾಡಿಯಲ್ಲಿ ತಂದು ಇಳಿಸಿ, ಗೇಟಿನಾಚೆಯೇ ನಿಂತರು. ಅತ್ತೆ ಸೊಂಟದ ಚಾಪೆ ಬಿಚ್ಚಿದರು, ಓಲೆ ಬಿಚ್ಚಿದರು, ಬಾಚಣಿಗೆ ತೆಗೆದರು. ಚಪ್ಪಲಿ ಬಿಡುವುದಕ್ಕೆ ಕೂತರು, ಏಳುವುದಕ್ಕೆ ನಾನು ಹಿಡಿಯಬೇಕಾಯಿತು. ಹಲಗೆ ಹತ್ತಿದರು.

ನೂರ ಇಪ್ಪತ್ತೊಂದು.

ಫೋನ್ ಬರಲು ಇನ್ನೂ ಹತ್ತು ನಿಮಿಷವಿತ್ತು. ನಾನು ದನಿ ತಗ್ಗಿಸಿ ನೂರ ಒಂಬತ್ತು ಅಂತ ಹೇಳಿಬಿಡ್ತೀನಿ ಅತ್ತೆ ಅಂದೆ.

"ಅಲ್ಲಿ ಅವರ ಹತ್ರ ತಕ್ಕಡಿ ಇಲ್ವಾ?"

ಅಲ್ಲಿಗೆ ಹೋದ ಮೇಲೆ ಕೈಕಾಲು ಹಿಡಿದು ಕೇಳಿಕೊಳ್ಳಬಹುದು ಅಂದೆ.

"ನಿನ್ನ ಪಟ್ಟಿ ನಂಬ್ಕೊಂಡು ಆ ಹುಡುಗ ವಿಮಾನ ಹಾರಿಸ್ತಾನೆ. ಇನ್ನೊಬ್ಬರು ಬೇರೆ ಅಲ್ಲಿ ಕಾಯ್ತಿದ್ದಾರೆ. ಇದ್ದದ್ದು ಹೇಳು," ಅಂದರು. ಹಲಗೆಯಿಂದ ಇಳಿದು ಓಲೆ ಹಾಕಿಕೊಳ್ಳತೊಡಗಿದರು. ತೂತು ಬೇಗ ಸಿಗಲಿಲ್ಲ.

ಎಂಟಕ್ಕೆ ಫೋನ್ ಬಂತು. ಇದ್ದದ್ದು ಹೇಳಿದೆ. ಲೂಪೆ ಆ ಕಡೆಯಿಂದ ಇನ್ನೊಂದು ಸಲ ಹೇಳು ಅಂದಳು, ಇನ್ನೊಂದು ಸಲ ಹೇಳಿದೆ. ಒಂಬತ್ತಕ್ಕೆ ವಿಮಾನ ಬಂತು. ಗೇಟು ಹಾಕಿದೆ, ಹಂದಿ ಓಡಿಸಿದೆ, ಏಳು ಜನರನ್ನು ತೂಗಿ ಹತ್ತಿಸಿದೆ. ಒಂದು ಸೀಟು ಖಾಲಿ ಹೋಯಿತು. ಅದರ ಎದುರು ಪಟ್ಟಿಯಲ್ಲಿ ಸೊನ್ನೆ ಬರೆದೆ. ಪೈಲಟ್ ಕಿಟಕಿಯಿಂದ, ನಿಮ್ಮತ್ತೆ ಬರಲ್ವಾ ಎಂದು ಸನ್ನೆ ಮಾಡಿದ. ನಾನು ಇಲ್ಲವೆಂದು ತಲೆಯಾಡಿಸಿದೆ.

ಅತ್ತೆ ಬೆಂಚಿನ ಮೇಲೇ ಇದ್ದರು. ವಿಮಾನ ಗಾಳಿಚೀಲದ ಕಂಬ ದಾಟಿ ಏರಿ ಸಮುದ್ರದ ಕಡೆ ತಿರುಗುವವರೆಗೆ ನೋಡಿದರು. ಅಪ್ಪ ಗೇಟಿನಾಚೆ, ಬೆನ್ನು ತಿರುಗಿಸಿಕೊಂಡು, ಗಾಡಿಯ ಗಾಜು ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು. ನಾನು ಡ್ರಾಯರಿನಿಂದ ಕರಿದ ಉಂಡೆ ತೆಗೆದು, ಏನು ಮಾಡುತ್ತಿದ್ದೇನೆಂದು ಗೊತ್ತಾಗಿ, ಮತ್ತೆ ಒಳಗಿಟ್ಟು, ಹೋಗಿ ಅವರ ಪಕ್ಕ ಕೂತೆ.

ಐದು ವಾರದಿಂದ ಒಂದು ಪ್ರಶ್ನೆಯನ್ನು ಬಾಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ. ಕೇಳಿದರೆ ಅತ್ತೆ ನನ್ನ ಬೆನ್ನು ತಟ್ಟಿ, ಛೆ, ನಿನ್ನದೇನು ತಪ್ಪು, ಎಲ್ಲ ದೇವರ ಇಚ್ಛೆ ಅನ್ನುತ್ತಾರೆ ಎಂಬ ಆಸೆಯೂ ಇತ್ತು. ಭಾನುವಾರ ಪಾದ್ರಿಯವರು ಹಾಗೇ ಹೇಳಿದ್ದರು.

"ಅತ್ತೆ, ಅವತ್ತು ನಾನು ಆ ತಟ್ಟೆ ಇಡದೇ ಇದ್ದಿದ್ರೆ, ಇವತ್ತು ನೀವು ಹೋಗ್ತಿದ್ರಾ?"

ಅತ್ತೆ ಕೋಲುಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

"ಹೋಗ್ತಿದ್ದೆ," ಅಂದರು.